ಬಾಲಗಾಲಿಯ ಪುಟ್ಟ ವಿಮಾನದಲ್ಲಿ ತಲೆ ಕಾಯ್ದುಕೊಳ್ಳುವ ಬಗೆ: ಪಾದ, ಪಟ್ಟಿ ಮತ್ತು ಹೆಲ್ಮೆಟ್

ಪೈಪರ್ ಕಬ್, ಸೂಪರ್ ಕಬ್, ಸಿಟಾಬ್ರಿಯಾ, ಸೆಸ್ನಾ 180 ಮುಂತಾದ ವಿಮಾನಗಳಿಗೆ ಮುಂಭಾಗದಲ್ಲಿ ಎರಡು ದೊಡ್ಡ ಗಾಲಿಗಳೂ ಬಾಲದ ಕೆಳಗೆ ಒಂದು ಪುಟ್ಟ ಗಾಲಿಯೂ ಇರುತ್ತವೆ. ಅಲಾಸ್ಕಾದ ನದಿದಂಡೆಯ ಜಲ್ಲಿಯ ಮೇಲೆ, ಅಮೆರಿಕದ ಹುಲ್ಲುಹಾಸಿನ ಸಣ್ಣ ನೆಲೆಗಳಲ್ಲಿ ಇಂದಿಗೂ ಇವು ಹಾರುತ್ತಿವೆ. ಬೆಂಗಳೂರಿಗೂ ಈ ಬಗೆಯ ವಿಮಾನ ಹೊಸದಲ್ಲ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಎಚ್‌ಎಎಲ್ ರೂಪಿಸಿ 1951ರಲ್ಲಿ ಹಾರಿಸಿದ ಎಚ್‌ಟಿ-2 ತರಬೇತಿ ವಿಮಾನವೂ, 1958ರಲ್ಲಿ ಮೊದಲು ಹಾರಿದ ಪುಷ್ಪಕವೂ ಬಾಲಗಾಲಿಯವೇ ಆಗಿದ್ದವು; ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಪೈಲಟ್‌ಗಳು ಹಾರಾಟದ ಮೊದಲ ಪಾಠವನ್ನು ಪುಷ್ಪಕದಲ್ಲೇ ಕಲಿತರು. ಈಗ ಹೊರದೇಶಗಳಲ್ಲಿ ನೆಲೆಸಿ ಹವ್ಯಾಸಕ್ಕಾಗಿ ಬಾಲಗಾಲಿಯ ಹಾರಾಟ ಕಲಿಯುವ ಕನ್ನಡಿಗರಿದ್ದಾರೆ. ಈ ಬರಹ ಮುಖ್ಯವಾಗಿ ಅವರಿಗಾಗಿ. ಇದು ಶಿಕ್ಷಕರ ಜಾಗವನ್ನು ತುಂಬುವುದಿಲ್ಲ. ಶಿಕ್ಷಕರೊಂದಿಗೆ ಕುಳಿತು ಕೇಳಬೇಕಾದ ಪ್ರಶ್ನೆಗಳನ್ನು ನಿಮ್ಮ ಕೈಗೆ ಕೊಡುತ್ತದೆ.

ಹೆಲ್ಮೆಟ್ ಏಕೆ ಬೇಕು ಎಂಬುದನ್ನು ಮೊದಲು ಲೆಕ್ಕ ಹಾಕಿ

ಬಾಲಗಾಲಿಯ ವಿಮಾನದ ಗುರುತ್ವ ಕೇಂದ್ರವು ಮುಖ್ಯ ಗಾಲಿಗಳ ಹಿಂದೆ ಇರುತ್ತದೆ. ಮೂಗಿನಡಿ ಗಾಲಿಯಿರುವ ವಿಮಾನದಲ್ಲಿ ಅದು ಮುಖ್ಯ ಗಾಲಿಗಳ ಮುಂದಿರುವುದರಿಂದ, ವಿಮಾನ ನೆಲದ ಮೇಲೆ ಸ್ವಲ್ಪ ಓರೆಯಾದರೂ ತಾನಾಗಿಯೇ ನೇರಕ್ಕೆ ಬರಲು ನೋಡುತ್ತದೆ. ಬಾಲಗಾಲಿಯದರಲ್ಲಿ ಇದು ತಿರುವುಮುರುವು: ಓರೆ ಶುರುವಾಯಿತೆಂದರೆ ಹಿಂದಿನ ಭಾರವು ಮುಂದಿನ ಗಾಲಿಗಳನ್ನು ಹಿಂದಿಕ್ಕಿ ಹೋಗಲು ಹವಣಿಸುತ್ತದೆ, ಓರೆ ಇನ್ನಷ್ಟು ಹೆಚ್ಚುತ್ತದೆ, ಪೈಲಟ್ ಒಂದು ಕ್ಷಣ ತಡಮಾಡಿದರೂ ವಿಮಾನ ಗಿರಕಿ ಹೊಡೆಯುತ್ತದೆ. ಇದನ್ನೇ ಗ್ರೌಂಡ್ ಲೂಪ್ ಎನ್ನುವುದು. ಗಿರಕಿಯಲ್ಲಿ ಹೊರಬದಿಯ ರೆಕ್ಕೆಯ ತುದಿ ನೆಲಕ್ಕೆ ಬಡಿಯಬಹುದು, ಗಾಲಿಯ ಕಾಲು ಮಡಚಿಕೊಳ್ಳಬಹುದು. ಮೆದು ನೆಲದಲ್ಲಿ ಗಾಲಿ ಹೂತುಕೊಂಡರೆ ಅಥವಾ ಬ್ರೇಕನ್ನು ಜೋರಾಗಿ ಒತ್ತಿದರೆ ಬಾಲ ಮೇಲೆದ್ದು, ಮೂಗು ನೆಲಕ್ಕೆ ಕುಕ್ಕಿ, ಕೆಲವೊಮ್ಮೆ ಇಡೀ ವಿಮಾನ ಮಗುಚಿ ಬೀಳುತ್ತದೆ.

ಇಂಥ ಅವಘಡಗಳು ಬಹುಪಾಲು ಸಣ್ಣ ವೇಗದಲ್ಲಿ ಆಗುತ್ತವೆ ಎಂಬುದೇ ಇಲ್ಲಿನ ಮುಖ್ಯ ಮಾತು. ಜೆ-3 ಕಬ್ ಗಂಟೆಗೆ ಸುಮಾರು 60 ಕಿ.ಮೀ. ವೇಗದಲ್ಲಿ ನೆಲ ಮುಟ್ಟುತ್ತದೆ. ಉಕ್ಕಿನ ಕೊಳವೆಗಳ ಚೌಕಟ್ಟು ಮುರಿಯದೆ ಉಳಿಯುತ್ತದೆ, ಕೂರುವ ಜಾಗ ಕುಗ್ಗುವುದಿಲ್ಲ, ಒಳಗಿರುವವರು ಬದುಕುಳಿಯಬೇಕಾದ ಅವಘಡವೇ ಅದು. ಆದರೆ ಅದೇ ಕೊಳವೆಗಳು ತಲೆಯ ಮೇಲೂ ಮುಂದೂ ಒಂದು ಗೇಣಿನಷ್ಟು ದೂರದಲ್ಲಿರುತ್ತವೆ. ದೇಹವು ಸಹಿಸಬಲ್ಲ ಅವಘಡದಲ್ಲಿ ತಲೆ ಕೊಳವೆಗೆ ಬಡಿದು ಪ್ರಾಣ ಹೋಗುವುದು ತಪ್ಪಿಸಬಹುದಾದ ಸಾವು, ಆದ್ದರಿಂದಲೇ ಅದು ನನ್ನನ್ನು ಹೆಚ್ಚು ಕಾಡುತ್ತದೆ.

ಈಗ ಲೆಕ್ಕ ನೋಡೋಣ. ಗಂಟೆಗೆ 60 ಕಿ.ಮೀ. ಎಂದರೆ ಸುಮಾರು 14 ಮೀಟರ್ ಎತ್ತರದಿಂದ ಬಿದ್ದ ವಸ್ತುವಿನ ವೇಗ. ಯುರೋಪಿನ ಹಿಂದಿನ ಇಸಿಇ 22.05 ಮಾನದಂಡದಲ್ಲಿ ಮೋಟರ್‌ಸೈಕಲ್ ಹೆಲ್ಮೆಟನ್ನು ಸೆಕೆಂಡಿಗೆ 7.5 ಮೀಟರ್, ಅಂದರೆ ಗಂಟೆಗೆ 27 ಕಿ.ಮೀ. ವೇಗದಲ್ಲಿ ಬಡಿದು ಪರೀಕ್ಷಿಸುತ್ತಿದ್ದರು. ಆ ವೇಗದಿಂದ ತಲೆಯು ಎರಡೂವರೆ ಸೆಂ.ಮೀ. ಅಂತರದಲ್ಲಿ ಒಂದೇ ಸಮನಾಗಿ ನಿಂತರೆ ಅದರ ಮೇಲಿನ ಹೊರೆ ಸುಮಾರು 115 ಜಿ (ಗುರುತ್ವದ 115 ಪಟ್ಟು), ಅರ್ಧ ಸೆಂ.ಮೀ.ನಲ್ಲಿ ನಿಂತರೆ 570 ಜಿ ದಾಟುತ್ತದೆ. ಕಾಗದದ ಮೇಲಿನ ಸರಳ ಲೆಕ್ಕವಿದು, ಆದರೂ ಎರಡು ಸಂಗತಿಗಳು ಇದರಿಂದ ಸ್ಪಷ್ಟವಾಗುತ್ತವೆ. ಒಂದು, ಹೆಲ್ಮೆಟ್ಟಿನ ಒಳಗಿನ ಆ ಕೆಲವೇ ಸೆಂ.ಮೀ. ನೊರೆಪದರವೇ ಬದುಕು ಮತ್ತು ಸಾವಿನ ನಡುವೆ ನಿಲ್ಲುತ್ತದೆ. ಎರಡು, 60 ಕಿ.ಮೀ. ವೇಗವನ್ನು ಹೆಲ್ಮೆಟ್ ಒಂದೇ ನುಂಗಲಾರದು; ಬಹುಪಾಲನ್ನು ವಿಮಾನದ ಚೌಕಟ್ಟು, ಸೀಟು ಮತ್ತು ಪಟ್ಟಿಗಳು ಮೊದಲೇ ನುಂಗಿ, ಉಳಿದದ್ದನ್ನು ಮಾತ್ರ ಹೆಲ್ಮೆಟ್ಟಿಗೆ ಬಿಡಬೇಕು. ಭುಜದ ಪಟ್ಟಿ ಇಲ್ಲದ ವಿಮಾನದಲ್ಲಿ ದುಬಾರಿ ಹೆಲ್ಮೆಟ್ ತೊಟ್ಟು ಕೂರುವುದನ್ನು ನಾನು ಒಪ್ಪದಿರಲು ಇದೇ ಕಾರಣ. ಹಾಗಾಗಿ ಮೊದಲ ಹೆಜ್ಜೆ ಹೆಲ್ಮೆಟ್ ಅಂಗಡಿಯದಲ್ಲ.

ಮೊದಲ ಹೆಜ್ಜೆ: ಭುಜದ ಪಟ್ಟಿ

ಅಮೆರಿಕದ ನಿಯಮದಂತೆ 1978ರ ಜುಲೈ 18ರ ನಂತರ ತಯಾರಾದ ಸಣ್ಣ ವಿಮಾನಗಳ ಮುಂದಿನ ಸೀಟುಗಳಿಗೆ, 1986ರ ಡಿಸೆಂಬರ್ 12ರ ನಂತರ ತಯಾರಾದವುಗಳ ಎಲ್ಲ ಸೀಟುಗಳಿಗೆ ಭುಜದ ಪಟ್ಟಿ ಇರಲೇಬೇಕು. ಆದರೆ ಬಾಲಗಾಲಿಯ ವಿಮಾನಗಳಲ್ಲಿ ಹಲವು ಅದಕ್ಕಿಂತ ಎಷ್ಟೋ ಹಳೆಯವು. ಜೆ-3 ಕಬ್ ವಿಮಾನದ ತಯಾರಿಕೆ 1947ರಲ್ಲೇ ನಿಂತಿತ್ತು. ಸೊಂಟದ ಪಟ್ಟಿ ಮಾತ್ರ ಇರುವ ವಿಮಾನ ಈಗಲೂ ಕಾನೂನುಬದ್ಧವಾಗಿ ಹಾರುತ್ತಿರಬಹುದು. ಸೊಂಟದ ಪಟ್ಟಿ ದೇಹವನ್ನು ಸೀಟಿನಲ್ಲಿ ಹಿಡಿಯುತ್ತದೆಯೇ ಹೊರತು ಸೊಂಟದಿಂದ ಮೇಲಿನ ಭಾಗವು ಮುಂದಕ್ಕೆ ಬೀಸಿ ಉಪಕರಣ ಫಲಕಕ್ಕೆ ಬಡಿಯುವುದನ್ನು ತಡೆಯುವುದಿಲ್ಲ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯು 1982ರ 535 ಅವಘಡಗಳನ್ನು ಪರಿಶೀಲಿಸಿ, ಸತ್ತವರಲ್ಲಿ ಶೇ 20ರಷ್ಟು ಮಂದಿ ಭುಜದ ಪಟ್ಟಿ ತೊಟ್ಟಿದ್ದರೆ ಬದುಕುತ್ತಿದ್ದರೆಂದೂ, ತೀವ್ರವಾಗಿ ಗಾಯಗೊಂಡವರಲ್ಲಿ ಶೇ 88ರಷ್ಟು ಮಂದಿಯ ಗಾಯಗಳು ಬಹಳಷ್ಟು ಕಡಿಮೆಯಾಗುತ್ತಿದ್ದವೆಂದೂ ಹೇಳಿತು. ಖರ್ಚಿಗೆ ಹಣ ಸೀಮಿತವಾಗಿದ್ದರೆ ಮೊದಲು ಭುಜದ ಪಟ್ಟಿಗೆ ಖರ್ಚು ಮಾಡಿ, ಹೆಲ್ಮೆಟ್ ಆಮೇಲೆ.

ಪಟ್ಟಿ ಇದ್ದರೆ ಸಾಲದು, ಅದರ ಜೋಡಣೆಯೂ ಸರಿಯಿರಬೇಕು. ಭುಜದಿಂದ ಹಿಂದಕ್ಕೆ ಹೋಗುವ ಪಟ್ಟಿಯು ಭುಜದ ಮಟ್ಟದಲ್ಲೋ ತುಸು ಮೇಲೋ ಚೌಕಟ್ಟಿಗೆ ಬಿಗಿದಿರಬೇಕು. ಸೀಟಿನ ಬೆನ್ನ ಮೇಲಿಂದ ಇಳಿದು ನೆಲಕ್ಕೆ ಕಟ್ಟಿದ್ದರೆ ಅವಘಡದ ಕ್ಷಣದಲ್ಲಿ ಅದು ಬೆನ್ನುಮೂಳೆಯನ್ನು ಕೆಳಕ್ಕೆ ಅದುಮುತ್ತದೆ. ಸೊಂಟದ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಎಲುಬಿನ ಮೇಲೆ ಕೂರಬೇಕು, ಮತ್ತು ಅದನ್ನು ಭುಜದ ಪಟ್ಟಿಗಿಂತ ಮೊದಲು ಬಿಗಿಯಬೇಕು. ಭುಜದ ಪಟ್ಟಿ ಮೊದಲು ಬಿಗಿದರೆ ಸೊಂಟದ ಪಟ್ಟಿ ಹೊಟ್ಟೆಯ ಮೇಲೇರುತ್ತದೆ, ಆಗ ದೇಹ ಅದರಡಿಯಿಂದ ಜಾರಿಬಿಡಬಹುದು. ಬಿಸಿಲಿಗೆ ಬಣ್ಣ ಮಾಸಿದ, ಅಂಚು ಎಳೆಬಿಟ್ಟ ಪಟ್ಟಿ ನೋಡಲು ಗಟ್ಟಿಯಾಗಿ ಕಂಡರೂ ಬದಲಿಸಿ. ಹಳೆಯ ವಿಮಾನಕ್ಕೆ ಪಟ್ಟಿ ಹಾಕಿಸುವುದು ಮಾನ್ಯತೆ ಪಡೆದ ಮೆಕ್ಯಾನಿಕ್ ಮಾಡುವ, ದಾಖಲೆಯಲ್ಲಿ ಬರೆಯುವ ಕೆಲಸ. ನಾವೇ ಬೋಲ್ಟ್ ಬಿಗಿದು ಮುಗಿಸುವಂಥದ್ದಲ್ಲ.

ಎರಡನೆಯ ಹೆಜ್ಜೆ: ಹೆಲ್ಮೆಟ್ ಆರಿಸುವುದು

ಟೈಗರ್ ಮಾತ್ ಎಂಬ ಹಳೆಯ ತೆರೆದ ಕಾಕ್‌ಪಿಟ್ಟಿನ ವಿಮಾನದ ಕಾಲದ ಚರ್ಮದ ಟೊಪ್ಪಿ ಗಾಳಿ ಮತ್ತು ಚಳಿಗೆ ತಡೆಯಾಗಿತ್ತು, ಪೆಟ್ಟಿಗಲ್ಲ. ಇಂದು ಅದನ್ನು ಸೊಗಸಿಗೆ ಧರಿಸುವವರು ತಲೆಯ ರಕ್ಷಣೆ ಆಯಿತೆಂದು ಭಾವಿಸಬಾರದು. ಬೇಕಾಗಿರುವುದು ಗಟ್ಟಿ ಹೊರಚಿಪ್ಪು, ಅದರೊಳಗೆ ಒಮ್ಮೆ ನಜ್ಜುಗುಜ್ಜಾಗಿ ಶಕ್ತಿಯನ್ನು ನುಂಗುವ ನೊರೆಪದರ, ತಲೆಗೆ ಹೊಂದುವ ಒಳಮೆತ್ತೆ, ಗದ್ದದ ಪಟ್ಟಿ ಮತ್ತು ಚಿಪ್ಪಿನೊಳಗೇ ಕೂರಿಸಿದ ಕಿವಿಬಟ್ಟಲು, ಮೈಕು.

ಮೋಟರ್‌ಸೈಕಲ್ ಹೆಲ್ಮೆಟ್ ಸಾಕಲ್ಲವೇ ಎಂದು ಹಲವರು ಕೇಳುತ್ತಾರೆ. ಐಎಸ್‌ಐ ಗುರುತಿನ ಹೆಲ್ಮೆಟ್ ರಸ್ತೆಗೆ ಒಳ್ಳೆಯದೇ. ಆದರೆ ಮುಖ ಮುಚ್ಚುವ ಹೆಲ್ಮೆಟ್ಟಿನ ಗದ್ದದ ಭಾಗವು ಕೆಳಗಿನ ನೋಟವನ್ನು ಕತ್ತರಿಸುತ್ತದೆ, ಬಾಲಗಾಲಿಯ ಪೈಲಟ್‌ಗೋ ರನ್‌ವೇ ಅಂಚನ್ನು ಓರೆಗಣ್ಣಿನಲ್ಲಿ ಹಿಡಿದುಕೊಳ್ಳುವುದೇ ಜೀವಾಳ. ಅದರೊಳಗೆ ಹೆಡ್‌ಸೆಟ್ ತುರುಕಿದರೆ ಗಟ್ಟಿ ಪ್ಲಾಸ್ಟಿಕ್ ಬಟ್ಟಲು ಬುರುಡೆಗೂ ಚಿಪ್ಪಿಗೂ ನಡುವೆ ಸಿಕ್ಕಿಕೊಂಡು, ಪಕ್ಕದಿಂದ ಬಿದ್ದ ಪೆಟ್ಟನ್ನು ಒಂದೇ ಜಾಗಕ್ಕೆ ಒತ್ತುತ್ತದೆ. ಅಮೆರಿಕದ ಸೈನ್ಯವು ಹೆಲಿಕಾಪ್ಟರ್ ಸಿಬ್ಬಂದಿಗೆ ಕೊಟ್ಟ ಎಚ್‌ಜಿಯು-56/ಪಿ ಹೆಲ್ಮೆಟ್ಟಿನಲ್ಲಿ ಕಿವಿಬಟ್ಟಲುಗಳೇ ಪೆಟ್ಟಿಗೆ ಕುಸಿದು ಶಕ್ತಿ ನುಂಗುವಂತೆ ಮಾಡಿರುವುದು ಈ ಪಕ್ಕದ ಪೆಟ್ಟಿನ ಅನುಭವದಿಂದಲೇ. ಯುರೋಪಿನಲ್ಲಿ ಪ್ಯಾರಾಗ್ಲೈಡಿಂಗ್‌ನಂಥ ವಾಯುಕ್ರೀಡೆಗಳ ಹೆಲ್ಮೆಟ್‌ಗಳಿಗೆ ಇಎನ್ 966 ಎಂಬ ಮಾನದಂಡವಿದೆ; ಕಬ್‌ನಂಥ ಇಕ್ಕಟ್ಟಿನ ವಿಮಾನಕ್ಕೆ ಇಂಥ ಹಗುರ ಹೆಲ್ಮೆಟ್ಟೂ ಯೋಗ್ಯ ಆಯ್ಕೆ. ತಗ್ಗಿನಲ್ಲಿ ಹಾರಿ ವನ್ಯಜೀವಿ ಎಣಿಕೆ ಮುಂತಾದ ವಿಶೇಷ ಕೆಲಸ ಮಾಡುವ ತನ್ನ ಸಿಬ್ಬಂದಿಗೆ ಅಮೆರಿಕದ ಆಂತರಿಕ ಇಲಾಖೆಯು ಹೆಲ್ಮೆಟ್ ಕಡ್ಡಾಯ ಮಾಡಿದೆ, ಒಪ್ಪಿಗೆ ಪಡೆದ ಹೆಲ್ಮೆಟ್‌ಗಳ ಪಟ್ಟಿಯನ್ನೂ ಇಟ್ಟಿದೆ. ಕೊಳ್ಳುವ ಮುನ್ನ ಆ ಪಟ್ಟಿಯನ್ನು ನೋಡುವುದು ಒಳ್ಳೆಯದು.

ಹಳೆಯ ಮಿಲಿಟರಿ ಹೆಲ್ಮೆಟ್ ಅಗ್ಗಕ್ಕೆ ಸಿಗುತ್ತದೆ. ಅದು ಎಷ್ಟು ಸಲ ನೆಲಕ್ಕೆ ಬಿದ್ದಿದೆ, ಯಾವ ಬಿಸಿಲಲ್ಲಿ ಎಷ್ಟು ವರ್ಷ ಕಳೆದಿದೆ ಎಂಬುದು ಮಾರುವವನಿಗೂ ಗೊತ್ತಿರುವುದಿಲ್ಲ. ಚಿಪ್ಪು ಹೊಳೆಯುತ್ತಿದ್ದರೂ ಒಳಗಿನ ನೊರೆ ಸತ್ತಿರಬಹುದು. ಒಳಭಾಗವನ್ನು ಪೂರ್ತಿ ಹೊಸದಾಗಿ ಹಾಕಿಸದೆ ಅಂಥದ್ದನ್ನು ತೊಡಬೇಡಿ.

ತೂಕವನ್ನೂ ಯೋಚಿಸಿ. ಒಂದು ಕಿಲೋದಿಂದ ಒಂದೂವರೆ ಕಿಲೋವರೆಗಿನ ಭಾರವನ್ನು ಕುತ್ತಿಗೆ ಗಂಟೆಗಟ್ಟಲೆ ಹೊರಬೇಕು, ಅವಘಡದಲ್ಲಿ ಅದೇ ಭಾರ ಕುತ್ತಿಗೆಯನ್ನು ಎಳೆಯುತ್ತದೆ. ಹಾಗೆಂದು ಹೆಲ್ಮೆಟ್ ಬೇಡವೆನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಸೈನ್ಯದ ಹೆಲಿಕಾಪ್ಟರ್ ಅವಘಡಗಳನ್ನು ಕುರಿತ 1991ರ ಅಮೆರಿಕನ್ ಅಧ್ಯಯನವೊಂದು, ಬದುಕುಳಿಯಬಹುದಾದ ಅವಘಡಗಳಲ್ಲಿ ಹೆಲ್ಮೆಟ್ ಇಲ್ಲದವರಿಗೆ ಪ್ರಾಣಾಂತಕ ತಲೆಪೆಟ್ಟಿನ ಅಪಾಯ ಸುಮಾರು ಆರು ಪಟ್ಟು ಹೆಚ್ಚೆಂದು ಕಂಡುಕೊಂಡಿತು. ಹೆಲಿಕಾಪ್ಟರಿನ ಲೆಕ್ಕವನ್ನು ಹಾಗೆಯೇ ಕಬ್‌ಗೆ ಹೊಂದಿಸಲಾಗದು, ನಿಜ. ಆದರೂ ಅದು ತೋರಿಸುವ ದಿಕ್ಕು ಸಂಶಯಕ್ಕೆ ಎಡೆಗೊಡುವುದಿಲ್ಲ. ತೂಕಕ್ಕೆ ಪರಿಹಾರವೆಂದರೆ ಹಗುರವಾದುದನ್ನು ಆರಿಸುವುದು ಮತ್ತು ಬೇಡದ ಎರಡನೆಯ ವೈಸರ್, ದೀಪ, ಕ್ಯಾಮೆರಾಗಳನ್ನು ಅದಕ್ಕೆ ನೇತುಹಾಕದಿರುವುದು. ಮುಂಭಾಗಕ್ಕೆ ಸಿಕ್ಕಿಸಿದ ಕ್ಯಾಮೆರಾ ಕೊಳವೆಗೆ ಸಿಕ್ಕಿಕೊಂಡರೆ ಕುತ್ತಿಗೆಯನ್ನೇ ತಿರುಚುತ್ತದೆ.

ಮೂರನೆಯ ಹೆಜ್ಜೆ: ತಲೆಗೆ ಹೊಂದಿಸುವುದು, ಬಳಿಕ ವಿಮಾನಕ್ಕೆ ಹೊಂದಿಸುವುದು

ಹಣೆಯ ಸುತ್ತಳತೆಯನ್ನು ಟೇಪಿನಲ್ಲಿ ಅಳೆದು ಗಾತ್ರ ಆರಿಸಿ. ತೊಟ್ಟು ಗದ್ದದ ಪಟ್ಟಿ ಬಿಗಿದ ಮೇಲೆ ಹೆಲ್ಮೆಟನ್ನು ಕೈಯಲ್ಲಿ ಹಿಡಿದು ಅತ್ತಿತ್ತ ಅಲುಗಿಸಿದರೆ ಹಣೆಯ ಚರ್ಮವೂ ಜೊತೆಗೆ ಅಲುಗಬೇಕು, ಹೆಲ್ಮೆಟ್ ಒಂದೇ ಜಾರಬಾರದು. ಹಿಂದಿನ ಅಂಚಿನಿಂದ ಮೇಲಕ್ಕೆ ಮುಂದಕ್ಕೆ ತಳ್ಳಿದಾಗ ಅದು ತಲೆಯಿಂದ ಉರುಳಿ ಕಳಚಿಬಂದರೆ ಆ ಹೆಲ್ಮೆಟ್ ನಿಮ್ಮದಲ್ಲ. ಮನೆಯಲ್ಲಿ ಅರ್ಧ ಗಂಟೆ ತೊಟ್ಟು ಓಡಾಡಿ. ನೆತ್ತಿಯಲ್ಲೋ ಹಣೆಯಲ್ಲೋ ಒಂದು ಚುಕ್ಕೆಯಷ್ಟು ಜಾಗ ಉರಿಯುತ್ತಿದ್ದರೆ ಹಾರಾಟದಲ್ಲಿ ಅದೇ ಸಹಿಸಲಾಗದ ತಲೆನೋವಾಗುತ್ತದೆ, ಒಳಮೆತ್ತೆಯನ್ನು ಸರಿಪಡಿಸಬೇಕು. ಆದರೆ ನೋವು ತಪ್ಪಿಸಲೆಂದು ಶಕ್ತಿ ನುಂಗುವ ನೊರೆಪದರವನ್ನು ಕೆರೆಯಬಾರದು. ಕನ್ನಡಕದವರು ತೆಳು ಕಡ್ಡಿಯ ಚೌಕಟ್ಟು ಬಳಸಲಿ, ದಪ್ಪ ಕಡ್ಡಿ ಕಿವಿಬಟ್ಟಲಿನ ಮೆತ್ತೆಯನ್ನು ಎತ್ತಿ ಸದ್ದನ್ನು ಒಳಬಿಡುತ್ತದೆ. ಉದ್ದ ಕೂದಲಿನವರು ತುರುಬನ್ನು ಹೆಲ್ಮೆಟ್ಟಿನೊಳಗೆ ಇಡದೆ, ಕತ್ತಿನ ಹಿಂದೆ ತಗ್ಗಿನಲ್ಲಿ ಜಡೆಯಾಗಿ ಕಟ್ಟಿಕೊಳ್ಳಲಿ.

ವಿಮಾನದಲ್ಲಿ ಕುಳಿತು ನೋಡುವ ಕೆಲಸವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಎಂಜಿನ್ ಆರಿರುವಾಗ, ಹೆಲ್ಮೆಟ್ ತೊಟ್ಟು, ಪಟ್ಟಿ ಬಿಗಿದು ಕುಳಿತುಕೊಳ್ಳಿ. ಹೆಲ್ಮೆಟ್ ನಿಮ್ಮ ತಲೆಯನ್ನು ಎರಡು ಮೂರು ಸೆಂ.ಮೀ. ಎತ್ತರಿಸಿರುತ್ತದೆ. ಮೇಲಿನ ಕೊಳವೆಗೆ ಅದು ತಾಗುತ್ತಿದ್ದರೆ ನಿಧಾನವಾದ ಕುಲುಕಾಟವೂ ಕುತ್ತಿಗೆಗೆ ನೇರವಾಗಿ ಹೋಗುತ್ತದೆ. ಸೀಟಿನ ಮೆತ್ತೆಯನ್ನು ತಗ್ಗಿಸಬೇಕು ಅಥವಾ ಬೇರೆ ಹೆಲ್ಮೆಟ್ ನೋಡಬೇಕು. ಮೆತ್ತೆ ತಗ್ಗಿಸಿದರೆ ಮೂಗಿನ ಮೇಲಿಂದ ಕಾಣುವ ನೋಟವೂ ತಗ್ಗುತ್ತದೆ, ಹಾಗಾಗಿ ಎರಡನ್ನೂ ಒಟ್ಟಿಗೆ ತೂಗಿ. ಬಾಲ ನೆಲದ ಮೇಲಿರುವಾಗ ಮುಂದಿನದು ಕಾಣದೆ ಪಕ್ಕದ ಕಿಟಕಿಗೆ ವಾಲಿ ನೋಡಬೇಕಾಗುತ್ತದೆಯಲ್ಲ, ಆ ವಾಲುವಿಕೆಯನ್ನು ಎರಡೂ ಬದಿಗೆ ಅಭ್ಯಾಸ ಮಾಡಿ. ಹೆಲ್ಮೆಟ್ಟಿನ ವೈರು ಸ್ಟಿಕ್ಕಿಗೂ (ವಿಮಾನದ ನಿಯಂತ್ರಣ ಕೋಲು) ಥ್ರಾಟಲಿಗೂ (ಎಂಜಿನ್ ಶಕ್ತಿ ಏರಿಳಿಸುವ ಹಿಡಿ) ಸಿಕ್ಕದಂತೆ ಯಾವ ದಾರಿಯಲ್ಲಿ ಹೋಗಬೇಕೆಂದು ಈಗಲೇ ನಿಶ್ಚಯಿಸಿ. ಕಣ್ಣುಮುಚ್ಚಿ ವೈರು ಕಿತ್ತು, ಬಕಲ್ ಬಿಚ್ಚಿ, ಬಾಗಿಲಿನ ಹಿಡಿ ಹುಡುಕಿ ಹೊರಬರುವುದನ್ನು ಹತ್ತು ಸಲವಾದರೂ ಮಾಡಿ.

ಕಿವಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಹಳೆಯ ಕಬ್‌ನಲ್ಲಿ ಸ್ಟಾಲ್ (ವೇಗ ತೀರ ಇಳಿದಾಗ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು) ಎಚ್ಚರಿಕೆಯ ಹಾರ್ನ್ ಇಲ್ಲ. ಗಾಳಿಯ ಸದ್ದು ಇಳಿಯುವುದೇ ವೇಗ ಇಳಿಯುತ್ತಿರುವ ಸೂಚನೆ. ಸದ್ದಡಗಿಸುವ ಒಳ್ಳೆಯ ಹೆಲ್ಮೆಟ್ ಆ ಸೂಚನೆಯನ್ನೂ ಅಡಗಿಸುತ್ತದೆ. ಆದ್ದರಿಂದ ಹೊಸ ಹೆಲ್ಮೆಟ್ಟಿನೊಂದಿಗೆ ಮೊದಲ ಹಾರಾಟವನ್ನು ಶಿಕ್ಷಕರ ಜೊತೆಗೇ ಮಾಡಿ, ಸಾಕಷ್ಟು ಎತ್ತರದಲ್ಲಿ ನಿಧಾನವೇಗದ ಹಾರಾಟ ಮತ್ತು ಸ್ಟಾಲ್‌ಗಳನ್ನು ಮತ್ತೊಮ್ಮೆ ಅಭ್ಯಾಸ ಮಾಡಿ.

ಹಿಂದಿನ ಸೀಟಿನ ಪ್ರಯಾಣಿಕರಿಗೂ ಇದೆಲ್ಲ ಅನ್ವಯಿಸುತ್ತದೆ. ಅವರ ತಲೆಯ ಮುಂದಿರುವುದು ನಿಮ್ಮ ಸೀಟಿನ ಚೌಕಟ್ಟು. ಪೈಲಟ್ ಹೆಲ್ಮೆಟ್ ತೊಟ್ಟು, ಜೊತೆಗೆ ಕರೆದೊಯ್ದ ಮಗನನ್ನೋ ಗೆಳೆಯನನ್ನೋ ಬರಿತಲೆಯಲ್ಲಿ ಕೂರಿಸುವುದು ನನಗೆ ಸರಿಕಾಣುವುದಿಲ್ಲ.

ನಾಲ್ಕನೆಯ ಹೆಜ್ಜೆ: ಪೆಟ್ಟೇ ಬೀಳದಂತೆ ಪಾದಗಳನ್ನು ಪಳಗಿಸುವುದು

ಅಮೆರಿಕದಲ್ಲಿ ಬಾಲಗಾಲಿಯ ವಿಮಾನವನ್ನು ಸ್ವತಂತ್ರವಾಗಿ ಹಾರಿಸಲು ಶಿಕ್ಷಕರ ವಿಶೇಷ ಅನುಮೋದನೆ ಬೇಕು. ಸಾಧಾರಣ ಹಾಗೂ ಅಡ್ಡಗಾಳಿಯ ಏರಿಕೆ-ಇಳಿಕೆ, ಮುಖ್ಯ ಗಾಲಿಗಳ ಮೇಲೆ ಇಳಿಸುವ ವೀಲ್ ಲ್ಯಾಂಡಿಂಗ್, ಇಳಿಕೆ ಕೈಬಿಟ್ಟು ಮತ್ತೆ ಏರುವ ಗೋ-ಅರೌಂಡ್ ಇವುಗಳಲ್ಲಿ ಪಳಗಿದ ಮೇಲೆಯೇ ಅದು ಸಿಗುತ್ತದೆ. ತೆಳು ಅಡಿಯ ಬೂಟು ತೊಡಿ, ಬಾಲದ ಚುಕ್ಕಾಣಿಯಾದ ರಡ್ಡರನ್ನು ಆಡಿಸುವ ಪೆಡಲ್ ಪಾದಕ್ಕೆ ತಿಳಿಯಬೇಕು. ಬೆಂಕಿಗೆ ಕರಗಿ ಮೈಗಂಟುವ ನೈಲಾನ್, ಪಾಲಿಯೆಸ್ಟರ್ ಬಟ್ಟೆಗಳ ಬದಲು ಹತ್ತಿ ಅಥವಾ ಉಣ್ಣೆ ಉಡಿ.

ನೆಲದ ಮೇಲೆ ಸಾಗುವಾಗ ನಿಧಾನವಾಗಿ, ಹಾವಿನಂತೆ ಎಡಬಲಕ್ಕೆ ಬಾಗುತ್ತಾ ಸಾಗಿ, ಪ್ರತಿ ಬಾಗಿನಲ್ಲೂ ಎದುರಿನ ಬದಿಯ ಕಿಟಕಿಯಿಂದ ಮುಂದಿನ ದಾರಿ ನೋಡಿ. ಗಾಳಿ ಎಡಮುಂದಿನಿಂದ ಬೀಸಿದರೆ ಸ್ಟಿಕ್ ಎಡಕ್ಕೆ ಮತ್ತು ಹಿಂದಕ್ಕೆ. ಎಡಹಿಂದಿನಿಂದ ಬೀಸಿದರೆ ಬಲಕ್ಕೆ ಮತ್ತು ಮುಂದಕ್ಕೆ. ಹಿಂದಿನ ಗಾಳಿಯಲ್ಲಿ ಸ್ಟಿಕ್ಕನ್ನು ಹಿಂದಕ್ಕೆಳೆದು ಹಿಡಿದರೆ ಗಾಳಿಯೇ ಬಾಲವನ್ನು ಎತ್ತಿ ಮಗುಚಬಲ್ಲದು.

ಏರುವಾಗ ಥ್ರಾಟಲನ್ನು ಹಂತಹಂತವಾಗಿ ತೆರೆಯಿರಿ. ಪೈಲಟ್ ಕುಳಿತಲ್ಲಿಂದ ನೋಡಿದಾಗ ಪ್ರೊಪೆಲರ್ ಬಲಕ್ಕೆ ತಿರುಗುವ ವಿಮಾನದಲ್ಲಿ ಶಕ್ತಿ ಹೆಚ್ಚಿಸಿದಾಗ ಮೂಗು ಎಡಕ್ಕೆ ಎಳೆಯುತ್ತದೆ, ಬಾಲ ಎತ್ತುವ ಕ್ಷಣದಲ್ಲಿ ಬುಗುರಿಯ ಗುಣದಿಂದ ಇನ್ನೊಮ್ಮೆ ಎಡಕ್ಕೆ ಜಗ್ಗುತ್ತದೆ. ಆ ಜಗ್ಗಾಟ ಬಂದ ಮೇಲೆ ಬಲಪಾದ ಒತ್ತಿದರೆ ತಡವಾಯಿತು. ಬಾಲ ಎತ್ತುವ ಕೈಯೊಂದಿಗೇ ಬಲಪಾದವೂ ಒತ್ತಬೇಕು.

ಇಳಿಯುವಾಗ ವಿಮಾನದ ಉದ್ದವೂ ಅದು ಸಾಗುವ ದಾರಿಯೂ ಒಂದೇ ನೇರದಲ್ಲಿರಬೇಕು, ಗಾಳಿಗೆ ಜಾರುತ್ತಾ ಗಾಲಿ ಮುಟ್ಟಿಸಬಾರದು. ಅಡ್ಡಗಾಳಿಯಲ್ಲಿ ಗಾಳಿಯ ಕಡೆಯ ರೆಕ್ಕೆಯನ್ನು ತಗ್ಗಿಸಿ, ಎದುರು ರಡ್ಡರಿನಿಂದ ಮೂಗನ್ನು ರನ್‌ವೇಗೆ ನೇರ ಹಿಡಿದು, ಗಾಳಿಯ ಕಡೆಯ ಗಾಲಿಯನ್ನು ಮೊದಲು ಮುಟ್ಟಿಸಿ. ಮೂರು ಗಾಲಿಗಳೂ ನೆಲ ಮುಟ್ಟಿದ ಮೇಲೆ ಸ್ಟಿಕ್ಕನ್ನು ಪೂರ್ತಿ ಹಿಂದಕ್ಕೆ ಹಿಡಿದಿಡಿ; ಬಾಲಗಾಲಿಯನ್ನು ನೆಲಕ್ಕೊತ್ತಿ ಹಿಡಿಯುವುದು ಅದೇ. ಪಾದಗಳು ಚಿಕ್ಕ ಚಿಕ್ಕದಾಗಿ, ಬಿಡದೆ ಆಡುತ್ತಿರಲಿ. ವೇಗ ಇಳಿದಂತೆ ರಡ್ಡರಿನ ಹಿಡಿತವೂ ಇಳಿಯುವುದರಿಂದ ಓಟದ ಕೊನೆಯ ಭಾಗವೇ ಹೆಚ್ಚು ಅಪಾಯಕಾರಿ, ಪೈಲಟ್ ನಿರಾಳನಾಗಿ ಪಾದ ಸಡಿಲಿಸುವುದೂ ಅಲ್ಲೇ. ಮನಸ್ಸಿಗೆ ಸರಿಬಾರದ ಇಳಿಕೆಯನ್ನು ಅಲ್ಲೇ ಕೈಬಿಟ್ಟು ಏರಿಬಿಡಿ. ಆದರೆ ವಿಮಾನ ಆಗಲೇ ಓರೆಯಾಗಿ ಗಿರಕಿಗೆ ತಿರುಗಿದ್ದರೆ ಪೂರ್ಣ ಶಕ್ತಿ ಕೊಡುವುದು ಎಡ ಎಳೆತವನ್ನು ಹೆಚ್ಚಿಸಿ ಕೆಡಿಸಬಹುದು, ನಿರ್ಧಾರ ಅದಕ್ಕೂ ಮೊದಲೇ ಆಗಬೇಕು.

ಮಗುಚಿಬಿದ್ದರೆ

ತಲೆಕೆಳಗಾಗಿ ನೇತಾಡುತ್ತಿರುವಾಗ ಬಕಲಿಗೆ ಕೈಹಾಕುವ ಆತುರವೇ ಹಲವರ ಕುತ್ತಿಗೆಗೆ ಕೇಡು ತರುತ್ತದೆ, ಏಕೆಂದರೆ ಬಿಚ್ಚಿದ ಕೂಡಲೇ ಇಡೀ ಮೈಭಾರದೊಂದಿಗೆ ತಲೆಯ ಮೇಲೆ ಬೀಳುತ್ತೀರಿ. ಮೊದಲು ಮ್ಯಾಗ್ನೆಟೋ (ಎಂಜಿನ್ನಿಗೆ ಕಿಡಿ ಕೊಡುವ ಸಾಧನ), ಇಂಧನ, ಮಾಸ್ಟರ್ ಸ್ವಿಚ್ ಆರಿಸಿ. ಹೆಲ್ಮೆಟ್ಟಿನ ವೈರನ್ನು ಕೀಳಿ. ಒಂದು ಅಂಗೈಯನ್ನು ಈಗ ನೆಲವಾಗಿರುವ ಚಾವಣಿಗೆ ಬಲವಾಗಿ ಊರಿ, ಗದ್ದವನ್ನು ಎದೆಗೆ ಒತ್ತಿ, ಕಾಲುಗಳನ್ನು ಸಿಕ್ಕಿದ ಕಡೆ ಒತ್ತಿಹಿಡಿದು, ಆಮೇಲೆ ಇನ್ನೊಂದು ಕೈಯಿಂದ ಬಕಲ್ ಬಿಚ್ಚಿ. ರೆಕ್ಕೆಯ ಟ್ಯಾಂಕಿನಿಂದ ಪೆಟ್ರೋಲ್ ಸೋರುತ್ತಿರಬಹುದು, ದೂರ ನಡೆಯಿರಿ, ದೂರ ಸೇರುವವರೆಗೂ ಹೆಲ್ಮೆಟ್ ತಲೆಯ ಮೇಲೇ ಇರಲಿ. ಜೊತೆಗಿದ್ದವರಿಗೆ ಕುತ್ತಿಗೆನೋವಿದ್ದು ಬೆಂಕಿಯ ಭಯವಿಲ್ಲದಿದ್ದರೆ ಅವರನ್ನು ಎಳೆಯಬೇಡಿ, ಉಸಿರಾಟಕ್ಕೆ ಅಡ್ಡಿಯಾಗದ ಹೊರತು ಅವರ ಹೆಲ್ಮೆಟನ್ನೂ ಕಳಚಬೇಡಿ. ತರಬೇತಿ ಪಡೆದವರು ಬರುವವರೆಗೆ ತಲೆಯನ್ನು ಅಲುಗದಂತೆ ಹಿಡಿದುಕೊಳ್ಳಿ.

ಅಂಥ ಅವಘಡವನ್ನು ಕಂಡ ಹೆಲ್ಮೆಟ್ ಮತ್ತೆ ತೊಡುವಂಥದ್ದಲ್ಲ, ಬಿರುಕು ಕಾಣದಿದ್ದರೂ. ಪಟ್ಟಿಗಳನ್ನೂ ಬದಲಿಸಬೇಕು. ಅವಘಡ ಕಾಣದ ಹೆಲ್ಮೆಟನ್ನು ಸಾಬೂನು ನೀರಿನ ಬಟ್ಟೆಯಿಂದ ಮಾತ್ರ ಒರಸಿ; ಪೆಟ್ರೋಲ್, ಥಿನ್ನರ್, ಕೆಲವು ಸ್ಟಿಕರ್‌ಗಳ ಅಂಟು ಕೂಡ ಚಿಪ್ಪನ್ನೂ ನೊರೆಯನ್ನೂ ಕೆಡಿಸುತ್ತವೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. ರಸ್ತೆ ಮತ್ತು ರೇಸ್ ಹೆಲ್ಮೆಟ್‌ಗಳನ್ನು ಪರೀಕ್ಷಿಸುವ ಸ್ನೆಲ್ ಸಂಸ್ಥೆ ಐದು ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತದೆ; ವಿಮಾನದ ಹೆಲ್ಮೆಟ್ಟಿನಲ್ಲಿ ಒಳಪದರವನ್ನಷ್ಟೇ ಬದಲಿಸಲು ಸಾಧ್ಯವಿದ್ದರೆ ತಯಾರಕರು ಹೇಳಿದ ಅವಧಿಗೆ ಬದಲಿಸಿ, ಕೊಂಡ ದಿನಾಂಕವನ್ನು ಒಳಗಿನ ಚೀಟಿಯಲ್ಲಿ ಬರೆದಿಡಿ. ವಿಮಾನದ ವಾರ್ಷಿಕ ತಪಾಸಣೆಯ ದಿನ ಹೆಲ್ಮೆಟ್ಟಿನ ಗದ್ದದ ಪಟ್ಟಿ, ಬಕಲ್, ನೊರೆಪದರ ಮತ್ತು ವೈರನ್ನೂ ಅದೇ ಮೇಜಿನ ಮೇಲಿಟ್ಟು ನೋಡುವುದು ನಾನು ಕಂಡ ಒಳ್ಳೆಯ ರೂಢಿ.